ಹರಾಜಿಗೆ ಸಿಗದ ತೋಟ

ವಾನ್‌ಸ್ಟೆಡ್ ಮಹಲಿನ ಸಾಮಾನುಗಳ ಹರಾಜು 1822ರ ಜೂನ್‌ನಲ್ಲಿ ಶುರುವಾಗಿ 32 ದಿನ ನಡೆಯಿತು. ಲಂಡನ್ನಿನ ಈಶಾನ್ಯಕ್ಕೆ, ಆಗಿನ ಎಸೆಕ್ಸ್ ಸೀಮೆಯಲ್ಲಿದ್ದ ಈ ಮಹಲು ಇಂಗ್ಲೆಂಡಿನ ಅತಿ ದೊಡ್ಡ ಖಾಸಗಿ ಮನೆಗಳಲ್ಲೊಂದು. ಮಂಚ, ಕನ್ನಡಿ, ಚಿತ್ರಪಟ, ಗೋಡೆಗೆ ಇಳಿಬಿಟ್ಟಿದ್ದ ಕಸೂತಿ ಪರದೆ ಎಲ್ಲವನ್ನೂ ಸವಾಲು ಕೂಗಿದರು. ಅಷ್ಟಕ್ಕೂ ಸಾಲ ತೀರದೆ, ಮರುವರ್ಷ ಕಟ್ಟಡವನ್ನೇ ಕೆಡವಿ ಸಾಗಿಸುವ ಷರತ್ತಿನ ಮೇಲೆ 10,000 ಪೌಂಡಿಗೆ ಮಾರಿದರು. 1825ರ ಹೊತ್ತಿಗೆ ಕಲ್ಲಿನ ಮೇಲೆ ಕಲ್ಲು ಉಳಿದಿರಲಿಲ್ಲ. ಮಹಲು ನಿಂತಿದ್ದ ಜಾಗ ಈಗ ಒಂದು ಗಾಲ್ಫ್ ಕ್ಲಬ್ಬಿನ ಹುಲ್ಲುಹಾಸು. ಅದರ ನಡುವಿನ ದೊಡ್ಡ ತಗ್ಗೊಂದೇ ಅಡಿಪಾಯದ ಗುರುತು. ಆದರೆ ಮಹಲನ್ನು ಸುತ್ತುವರಿದಿದ್ದ ತೋಟದ ಬಹುಭಾಗ ಅಲ್ಲೇ ಇದೆ. ಕೊಳಗಳ ಸರಣಿ, ಮರಸಾಲುಗಳ ತುಣುಕುಗಳು, ಮಣ್ಣಿನ ದಿಬ್ಬಗಳು, ಒಂದು ಪುಟ್ಟ ಮಂಟಪ, ಸುಟ್ಟು ಹಾಳಾದ ಒಂದು ಕೃತಕ ಗುಹೆ ಸೇರಿ ವಾನ್‌ಸ್ಟೆಡ್ ಪಾರ್ಕ್ ಎಂಬ ಸಾರ್ವಜನಿಕ ಉದ್ಯಾನವಾಗಿದೆ. ಇಂಥ ಜಾಗಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಳೆದುಹೋದ ಮನೆಗಾಗಿ ಮರುಗುತ್ತಾರೆ. ತೋಟವನ್ನು ಚಿತ್ರ ಕಿತ್ತುಹೋದ ಚೌಕಟ್ಟಿನಂತೆ ಕಾಣುತ್ತಾರೆ. ವಾನ್‌ಸ್ಟೆಡ್‌ನ ಇತಿಹಾಸ ಓದಿದರೆ ಈ ನೋಟ ನಿಲ್ಲುವುದಿಲ್ಲ. ಅಲ್ಲಿ ಮೊದಲು ಬಂದದ್ದು ತೋಟ. ಮನೆಯ ಆಯಸ್ಸು ನೂರಹತ್ತು ವರ್ಷ. ತೋಟಕ್ಕೆ ಮುನ್ನೂರೈವತ್ತು ದಾಟಿದೆ. ಇದನ್ನು ಒಪ್ಪಿಕೊಂಡರೆ ಇಂದು ಅಲ್ಲಿ ಹಣ ಎಲ್ಲಿಗೆ ಹೋಗಬೇಕು, ಕಾಳಜಿ ಯಾವುದರ ಮೇಲಿರಬೇಕು ಎಂಬ ಪ್ರಶ್ನೆಗೂ ಬೇರೆಯೇ ಉತ್ತರ ಸಿಗುತ್ತದೆ.

ತೋಟ ಮೊದಲು ಎಂಬುದಕ್ಕೆ ಸಾಕ್ಷಿಗಳಿಗೆ ಕೊರತೆಯಿಲ್ಲ. ಈಗಿನ ಚರ್ಚೆಯ ಮಹಲಿಗಿಂತ ಮೊದಲು ಅಲ್ಲೊಂದು ಹಳೆಯ ಮನೆಯಿತ್ತು. ಒಂದನೇ ಎಲಿಜಬೆತ್ ರಾಣಿಯ ಮೆಚ್ಚಿನ ರಾಬರ್ಟ್ ಡಡ್ಲಿ ಅದರ ಒಡೆಯ. 1578ರಲ್ಲಿ ರಾಣಿ ಬಂದಾಗ ಕವಿ ಫಿಲಿಪ್ ಸಿಡ್ನಿಯ ಕಿರುರೂಪಕವೊಂದನ್ನು ಆಡಿದ್ದು ಅಲ್ಲಿನ ತೋಟದಲ್ಲೇ. ಆದರೆ ಇಂದು ನಾವು ನೋಡುವ ನೆಲದ ಕಥೆ ನಿಜವಾಗಿ ಶುರುವಾಗುವುದು 1673ರಲ್ಲಿ, ಜೊಸಾಯಾ ಚೈಲ್ಡ್ ಎಂಬ ವ್ಯಾಪಾರಿ ಈ ಜಹಗೀರನ್ನು ಕೊಂಡಾಗ. ಹತ್ತು ವರ್ಷಗಳ ನಂತರ ದಿನಚರಿಕಾರ ಜಾನ್ ಎವೆಲಿನ್ ಅತ್ತ ಬಂದು ನೋಡಿದ. ಮನೆಯ ಸುತ್ತ ಅಕ್ರೋಟು ಮರ ನೆಡಲು, ಮೀನುಕೊಳ ತೋಡಿಸಲು ಚೈಲ್ಡ್ ಸುರಿಯುತ್ತಿದ್ದ ದುಡ್ಡು ಕಂಡು ಅವನಿಗೆ ಸೋಜಿಗ, ಜೊತೆಗೆ ಸ್ವಲ್ಪ ಅಸಹನೆ. ಏನೂ ಬೆಳೆಯದ ಬರಡು ಜಾಗದಲ್ಲಿ ಇದನ್ನೆಲ್ಲ ಮಾಡುತ್ತಿದ್ದಾನಲ್ಲ ಎಂದು ಬರೆದಿಟ್ಟ. ದಿಢೀರ್ ಸಿರಿವಂತರು ಹೀಗೇ ಬರಡು ನೆಲದಲ್ಲಿ ಬೀಡುಬಿಡುವುದೆಂದು ಚುಚ್ಚಿದ. ಆ ಬರಡು ನೆಲದ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಚೈಲ್ಡ್ 1699ರಲ್ಲಿ ತೀರಿಕೊಂಡ. ಮಗ ರಿಚರ್ಡ್ ಕಾಲದಲ್ಲಿ, ಹದಿನೆಂಟನೇ ಶತಮಾನದ ಮೊದಲ ದಶಕದಲ್ಲಿ, ಇಂಗ್ಲೆಂಡಿನ ಅತ್ಯಂತ ಬೇಡಿಕೆಯ ತೋಟಗಾರ ಜಾರ್ಜ್ ಲಂಡನ್ ಬಂದು ನೇರ ಹಾದಿಗಳ, ಅಳತೆ ಹಿಡಿದು ಕತ್ತರಿಸಿದ ಪೊದೆಗಳ ದೊಡ್ಡ ವಿನ್ಯಾಸ ಹಾಕಿದ. ಹೊಸ ಮಹಲಿನ ಕೆಲಸ ಆರಂಭವಾದದ್ದು ಅದಾದ ಮೇಲೆ, 1715ರ ಸುಮಾರಿಗೆ. 1720ರ ದಶಕದಲ್ಲಿ ದೇಶ ಸುತ್ತಿ ಬರೆದ ಡೇನಿಯಲ್ ಡಿಫೋ ಕೂಡ ಇದನ್ನು ಗುರುತಿಸಿದ್ದಾನೆ: ತೋಟ ಮೊದಲು, ಮನೆ ಆಮೇಲೆ. ಲಂಡನ್ನಿನ ಜನ ತೋಟ ನೋಡಲು ಮುಗಿಬಿದ್ದು, ಕೊನೆಗೆ ವಾರಕ್ಕೆ ಒಂದೆರಡು ದಿನ ಮಾತ್ರ ತೋರಿಸುವಂತೆ ಒಡೆಯ ಆಳುಗಳಿಗೆ ಅಪ್ಪಣೆ ಕೊಡಬೇಕಾಯಿತು ಎಂಬುದೂ ಅವನದೇ ವರದಿ.

ಚೈಲ್ಡ್‌ನ ದುಡ್ಡು ಎಲ್ಲಿಂದ ಬಂತು ಎಂಬುದು ನಮಗೆ ಸಂಬಂಧವಿಲ್ಲದ ಸಂಗತಿಯಲ್ಲ. ನೌಕಾಪಡೆಗೆ ದಿನಸಿ ಒದಗಿಸಿ ಮೇಲೆ ಬಂದ ಈತ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಷೇರು ಕೂಡಿಸುತ್ತ ಹೋಗಿ, 1680ರ ದಶಕದಲ್ಲಿ ಎರಡು ಅವಧಿಗೆ ಅದರ ಗವರ್ನರ್ ಆದ. ಗವರ್ನರ್ ಆಗಿರದ ವರ್ಷಗಳಲ್ಲೂ ಕಂಪನಿ ನಡೆದದ್ದು ಅವನ ಮರ್ಜಿಯಂತೆ. ಆಫ್ರಿಕಾದ ಗುಲಾಮ ವ್ಯಾಪಾರ ನಡೆಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲೂ ಅವನ ಪಾಲಿತ್ತು. ವ್ಯಾಪಾರದ ಜೊತೆಗೆ ತೋಪು ಬಂದೂಕೂ ಇರಬೇಕೆಂಬ ಹಟದಿಂದ ಔರಂಗಜೇಬನ ಮೇಲೆ ಯುದ್ಧ ಹೂಡಿದವನು ಇವನೇ. 1686ರಿಂದ 1690ರವರೆಗೆ ನಡೆದ ಆ ಯುದ್ಧದಲ್ಲಿ ಕಂಪನಿ ಸೋತು, ಬಾದಶಹನ ಮುಂದೆ ಕ್ಷಮೆ ಬೇಡಿ ಒಂದೂವರೆ ಲಕ್ಷ ರೂಪಾಯಿ ದಂಡ ತೆತ್ತಿತು. ಇಂಗ್ಲಿಷರು ಇದನ್ನು ಇವತ್ತಿಗೂ ಚೈಲ್ಡ್‌ನ ಯುದ್ಧವೆಂದೇ ಕರೆಯುತ್ತಾರೆ. ಅದೇ ದಶಕಗಳಲ್ಲಿ ಕಂಪನಿಗೆ ಕಾರವಾರದಲ್ಲೂ ಒಂದು ಕೋಠಿಯಿತ್ತು. ಘಟ್ಟದ ಸೀಮೆಯ ಮೆಣಸು, ಬಯಲುನಾಡಿನ ನೂಲಿನ ಬಟ್ಟೆ ಅಲ್ಲಿಂದ ಹಡಗು ಹತ್ತುತ್ತಿದ್ದವು. ಯಾವ ಮೆಣಸಿನ ಮೂಟೆ ಯಾವ ಕೊಳಕ್ಕೆ ಸಂದಿತೆಂದು ಯಾರೂ ಲೆಕ್ಕ ಹೇಳಲಾರರು. ಆದರೆ ಗುದ್ದಲಿ ಸಲಿಕೆಗಳಷ್ಟೇ ಇದ್ದ ಕಾಲದಲ್ಲಿ ಇಷ್ಟೊಂದು ನೆಲ ಅಗೆದು, ಇಷ್ಟೊಂದು ನೀರು ನಿಲ್ಲಿಸಲು ಎಂಥ ಸಂಪತ್ತು ಬೇಕಿತ್ತು ಎಂಬುದನ್ನು ಆ ಕೊಳಗಳ ದಂಡೆಯೇ ಹೇಳುತ್ತದೆ.

ಮಹಲಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡೋಣ. ವಾಸ್ತುಶಿಲ್ಪಿ ಕೋಲಿನ್ ಕ್ಯಾಂಬೆಲ್ ಅದನ್ನು ಪೋರ್ಟ್‌ಲ್ಯಾಂಡ್ ಕಲ್ಲಿನಲ್ಲಿ ಕಟ್ಟಿದ. ಸುಮಾರು 260 ಅಡಿ ಉದ್ದದ ಮುಖ. ನಡುವೆ ರೋಮನ್ ದೇಗುಲದಂತೆ ಆರು ಕಂಬಗಳ ಮುಖಮಂಟಪ. ಇಟಲಿಯ ಪಲ್ಲಾಡಿಯೋನ ಮಾದರಿಯನ್ನು ಇಂಗ್ಲೆಂಡಿನ ಸಿರಿವಂತರ ಮನೆಗಳಿಗೆ ತಂದ ಕಟ್ಟಡಗಳಲ್ಲಿ ಇದು ಮೊದಲ ಸಾಲಿನದು. ಇದರ ನಕ್ಷೆ ಅಚ್ಚಾದ ಮೇಲೆ ಯಾರ್ಕ್‌ಷೈರಿನ ವೆಂಟ್‌ವರ್ತ್ ವುಡ್‌ಹೌಸ್‌ನಂಥ ಭಾರಿ ಮಹಲುಗಳು ಇದನ್ನೇ ನೋಡಿ ಎದ್ದವು. ಒಳಾಂಗಣದಲ್ಲಿ ವಿಲಿಯಂ ಕೆಂಟ್‌ನ ಕೈಚಳಕವಿತ್ತು. ಚಿತ್ರಕಾರ ಹೋಗಾರ್ತ್ ಆ ವೈಭವದ ಕೋಣೆಯಲ್ಲಿ ಮನೆಯವರೆಲ್ಲ ಸೇರಿರುವುದನ್ನು ಬಿಡಿಸಿದ, ಆ ಚಿತ್ರ ಈಗ ಅಮೆರಿಕದ ಫಿಲಡೆಲ್ಫಿಯಾದ ಮ್ಯೂಸಿಯಂನಲ್ಲಿದೆ. ಇಷ್ಟೆಲ್ಲ ನಿಜ. ಆದರೆ ಗಮನಿಸಿ: ಮಹಲಿನ ಬಗ್ಗೆ ನಮಗೆ ಗೊತ್ತಿರುವ ಎಲ್ಲವೂ ಕಾಗದದಲ್ಲಿ, ಕ್ಯಾನ್ವಾಸಿನಲ್ಲಿ, ಇನ್ಯಾರದೋ ಊರಿನಲ್ಲಿದೆ. ವಾನ್‌ಸ್ಟೆಡ್‌ನ ನೆಲದಲ್ಲಿ ಓದಲು ಸಿಗುವುದು ತೋಟ ಮಾತ್ರ. ಅದೂ ಒಂದೇ ಕೈಬರಹವಲ್ಲ. 1735ರಲ್ಲಿ ಜಾನ್ ರೋಕ್ ಕೆತ್ತಿದ ನಕ್ಷೆಯಲ್ಲಿ ಕಾಲುವೆ, ದಿಬ್ಬ, ಮರಸಾಲುಗಳ ಜಾಲವಿದೆ. ಮುಂದಿನ ದಶಕಗಳಲ್ಲಿ ರುಚಿ ಬದಲಾಗಿ ನೇರ ಅಂಚುಗಳು ಬಳುಕಿದವು, ಕೊಳಗಳಲ್ಲಿ ದ್ವೀಪಗಳು ಮೂಡಿದವು. 1760ರ ಆಸುಪಾಸಿನಲ್ಲಿ ರಿಚರ್ಡ್ ಚೈಲ್ಡ್‌ನ ಮಗ, ಎರಡನೇ ಅರ್ಲ್ ಟಿಲ್ನಿ, ನೀರಿನಂಚಿಗೆ ದೋಣಿಮನೆಯನ್ನೂ ಒಳಗೊಂಡ ಕೃತಕ ಗುಹೆಯೊಂದನ್ನು ಕಟ್ಟಿಸಿದ. ಹುಲ್ಲಿನ ಇಳಿಜಾರಿನ ಮೇಲೆ ಕಂಬಗಳ ಮಂಟಪ ನಿಂತಿತು. 1813ರ ಹೊತ್ತಿಗೆ ತೋಟ ವಿನ್ಯಾಸಕಾರ ಹಂಫ್ರಿ ರೆಪ್ಟನ್ ಬಂದು ಮನೆಯ ಹತ್ತಿರ ಮತ್ತೆ ಹೂಪಾತಿಗಳು ಬೇಕೆಂದ. ಇವೆಲ್ಲಕ್ಕೂ ಕೆಳಗೆ ಇನ್ನೊಂದು ಪದರವಿದೆ. 1715ರಲ್ಲಿ ಮರ ನೆಡಲು ಗುಂಡಿ ತೋಡುವಾಗ ರೋಮನ್ನರ ಕಾಲದ ಬಣ್ಣದ ಹರಳುಗಳ ನೆಲಹಾಸು ಸಿಕ್ಕಿತು. ಒಡೆಯನಿಗೆ ಮರಸಾಲೇ ಮುಖ್ಯವಾಗಿತ್ತು. ಆ ನೆಲಹಾಸು ಉಳಿಯಲಿಲ್ಲ.

ಮನೆ ಬಿದ್ದ ಕಥೆಯನ್ನು ಇಂಗ್ಲೆಂಡಿನಲ್ಲಿ ಒಬ್ಬ ದುರುಳ ಗಂಡನ ಕಥೆಯಾಗಿ ಹೇಳುತ್ತಾರೆ, ಅದರಲ್ಲಿ ಸುಳ್ಳೇನಿಲ್ಲ. ತಮ್ಮನು ಚಿಕ್ಕಂದಿನಲ್ಲೇ ತೀರಿಕೊಂಡದ್ದರಿಂದ ಇಡೀ ಆಸ್ತಿ ಕ್ಯಾಥರೀನ್ ಟಿಲ್ನಿ-ಲಾಂಗ್ ಎಂಬ ಹುಡುಗಿಗೆ ಬಂತು. ದೇಶದ ಅತ್ಯಂತ ಸಿರಿವಂತ ಕನ್ಯೆಯೆಂದು ಪತ್ರಿಕೆಗಳು ಅವಳ ಹಿಂದೆ ಬಿದ್ದವು. 1812ರಲ್ಲಿ ಅವಳು ಕೈಹಿಡಿದದ್ದು ವಿಲಿಯಂ ವೆಲ್ಲೆಸ್ಲಿ-ಪೋಲ್‌ನನ್ನು. ಕನ್ನಡನಾಡಿನವರಿಗೆ ಈ ಮನೆತನದ ಪರಿಚಯ ಹೊಸದಲ್ಲ. ವಿಲಿಯಂನ ದೊಡ್ಡಪ್ಪ ರಿಚರ್ಡ್ ವೆಲ್ಲೆಸ್ಲಿ, 1799ರಲ್ಲಿ ಟಿಪ್ಪುವಿನ ಮೇಲೆ ಕೊನೆಯ ಯುದ್ಧ ಸಾರಿದ ಗವರ್ನರ್ ಜನರಲ್. ಚಿಕ್ಕಪ್ಪ ಆರ್ಥರ್, ಆ ಯುದ್ಧದಲ್ಲಿ ಹೋರಾಡಿ, ಬಿದ್ದ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡು, ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದವನು. ಅಳಿಯನ ಮೋಜು, ಔತಣ, ಸಾಲ ಹತ್ತು ವರ್ಷದೊಳಗೆ ಮಹಲನ್ನು ನುಂಗಿದವು. ಸಾಲಗಾರರಿಗೆ ಹೆದರಿ ಅವನು ದೇಶ ಬಿಟ್ಟ. ಕ್ಯಾಥರೀನ್ 1825ರಲ್ಲಿ, 35ರ ಪ್ರಾಯದಲ್ಲಿ ತೀರಿಕೊಂಡಳು. ಮಕ್ಕಳನ್ನು ಇಂಥ ತಂದೆಯ ವಶಕ್ಕೆ ಕೊಡಲಾಗದೆಂದು ನ್ಯಾಯಾಲಯ 1827ರಲ್ಲಿ ತೀರ್ಪಿತ್ತದ್ದು ಇಂಗ್ಲಿಷ್ ಕಾನೂನಿನಲ್ಲಿ ಪ್ರಸಿದ್ಧ. ಈ ಕಥೆಯ ಬಣ್ಣದಲ್ಲಿ ಮುಖ್ಯ ಸಂಗತಿಯೊಂದು ಮರೆಯಾಗುತ್ತದೆ. ಮದುವೆಯ ಕರಾರಿನಲ್ಲಿ ಭೂಮಿಯನ್ನು ಮುಂದಿನ ಪೀಳಿಗೆಗೆ ಕಟ್ಟಿಹಾಕಲಾಗಿತ್ತು. ವಿಲಿಯಂಗೆ ಇದ್ದದ್ದು ಬದುಕಿರುವವರೆಗೆ ಅನುಭವಿಸುವ ಹಕ್ಕಷ್ಟೇ. ಕಳಚಬಲ್ಲದ್ದು, ಹೊರಬಲ್ಲದ್ದು, ಗಾಡಿಗೆ ಏರಿಸಬಲ್ಲದ್ದು ಮಾರಾಟವಾಯಿತು. ಕೊಳ, ದಿಬ್ಬ, ಇಳಿಜಾರುಗಳನ್ನು ಯಾರೂ ಹೊತ್ತೊಯ್ಯಲಾಗಲಿಲ್ಲ. ಅವನ ದೊಡ್ಡಪ್ಪ, ಚಿಕ್ಕಪ್ಪ ಗೆದ್ದ ಊರಲ್ಲೂ ಹೀಗೇ ಆಗಿದ್ದು ಕಾಕತಾಳೀಯ: ಶ್ರೀರಂಗಪಟ್ಟಣದ ಗಂಜಾಂ ಬದಿಯ ಲಾಲ್‌ಬಾಗ್ ಅರಮನೆಯನ್ನು ಬಿಚ್ಚಿ, ಅದರ ಮರದ ತೊಲೆಗಳನ್ನು ಊಟಿಗೆ ಸಾಗಿಸಿ 1830ರ ಸುಮಾರಿನಲ್ಲಿ ಸೇಂಟ್ ಸ್ಟೀಫನ್ ಚರ್ಚಿಗೆ ಬಳಸಿದರು.

ಹಾಗಾದರೆ ತೋಟ ತಾನಾಗಿಯೇ ಉಳಿಯಿತೇ? ಇಲ್ಲ. ಅದನ್ನು ಉಳಿಸಿದ ಜನ ಮಹಲಿನ ಒಳಗೆ ಕಾಲಿಟ್ಟವರೂ ಅಲ್ಲ. ವಿಲಿಯಂನ ಮಗನ ಕಾಲವಾದ ಮೇಲೆ ಆಸ್ತಿ ವೆಲ್ಲೆಸ್ಲಿ ಬಳಗದ ಇನ್ನೊಬ್ಬನಿಗೆ, ಪ್ಯಾರಿಸ್ಸಿನಲ್ಲಿ ರಾಯಭಾರಿಯಾಗಿದ್ದ ಅರ್ಲ್ ಕೌಲಿಗೆ ಹೋಯಿತು. ಅಷ್ಟರಲ್ಲಿ ಲಂಡನ್ ಪೂರ್ವಕ್ಕೆ ಬೆಳೆದು ಬಂದಿತ್ತು. ಜಮೀನ್ದಾರರು ಪಕ್ಕದ ಎಪ್ಪಿಂಗ್ ಕಾಡಿನ ಗೋಮಾಳಗಳಿಗೆ ಬೇಲಿ ಹಾಕಿ ಮನೆ ನಿವೇಶನ ಮಾಡತೊಡಗಿದ್ದರು. 1871ರ ಜುಲೈನಲ್ಲಿ ವಾನ್‌ಸ್ಟೆಡ್ ಫ್ಲ್ಯಾಟ್ಸ್ ಎಂಬ ಬಯಲಿನಲ್ಲಿ ಸಾವಿರಾರು ಜನ ಸೇರಿ ಪ್ರತಿಭಟಿಸಿದರು, ಬೇಲಿ ಕಿತ್ತರು. ಲಂಡನ್ ಸಿಟಿ ಕಾರ್ಪೊರೇಷನ್ ಜಮೀನ್ದಾರರ ಮೇಲೆ ದಾವೆ ಹೂಡಿ 1874ರಲ್ಲಿ ಗೆದ್ದಿತು. 1878ರ ಎಪ್ಪಿಂಗ್ ಫಾರೆಸ್ಟ್ ಕಾಯ್ದೆ ಇಡೀ ಕಾಡನ್ನು ಜನರ ವಿಹಾರಕ್ಕೆಂದು ಕಾರ್ಪೊರೇಷನ್ನಿನ ವಶಕ್ಕೆ ಒಪ್ಪಿಸಿತು. ಆ ಹೋರಾಟದ ಬೆನ್ನಿಗೇ 1880ರಲ್ಲಿ ಹಳೆಯ ತೋಟದ 184 ಎಕರೆಯನ್ನು ಕೌಲಿಯಿಂದ ಕೊಂಡು, 1882ರ ಆಗಸ್ಟ್ 1ರಂದು ಜನರಿಗೆ ತೆರೆದರು. ಎರಡೇ ವರ್ಷಕ್ಕೆ ಗುಹೆಗೆ ಬೆಂಕಿ ಬಿದ್ದು ಅದರ ಹೊರಮುಖವಷ್ಟೇ ಉಳಿಯಿತು. ಮಹಲು ಬಿದ್ದರೂ ತೋಟ ಉಳಿದದ್ದು ಹೀಗೆ, ಬೇಲಿ ಕಿತ್ತವರಿಂದ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಈ ತೋಟದ ಗೆರೆಗಳೆಲ್ಲ ಮಹಲಿನ ಬಾಗಿಲಿಗೆ ಸೇರುತ್ತಿದ್ದವು. ಪಶ್ಚಿಮಕ್ಕೆ ದೊಡ್ಡ ಕೊಳ, ಪೂರ್ವಕ್ಕೆ ರೋಡಿಂಗ್ ನದಿಯತ್ತ ಇಳಿಯುವ ಹುಲ್ಲಿನ ಅಗಲ ಹಾದಿ, ಎರಡರ ನಡುವೆ ಮನೆ. ಕೇಂದ್ರವೇ ಇಲ್ಲವಾದಾಗ ಸುತ್ತಳತೆಗೆ ಅರ್ಥವೇನು? ಮಹಲನ್ನು ಮತ್ತೆ ಕಟ್ಟಬಾರದೇಕೆ, ನಕ್ಷೆಗಳಿವೆಯಲ್ಲ? ವಾದದ ಮೊದಲರ್ಧವನ್ನು ಒಪ್ಪುತ್ತೇನೆ, ಗೆರೆಗಳು ಮನೆಯತ್ತ ಕೈಮಾಡುತ್ತವೆ. ಆದರೆ ಕೈಮಾಡುವುದೇ ಅವುಗಳ ಬೆಲೆ. ಹುಲ್ಲಿನ ಹಾದಿಯ ಕೆಳತುದಿಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಮಹಲು ಎಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು, ನೋಡುವವನನ್ನು ಎಲ್ಲಿ ನಿಲ್ಲಿಸಬೇಕೆಂದು ವಿನ್ಯಾಸಕಾರ ಯೋಚಿಸಿದ್ದ ಎಂಬುದೆಲ್ಲ ಅಳತೆ ಸಮೇತ ಸಿಗುತ್ತದೆ. ಹೊಸದಾಗಿ ಕಟ್ಟಿದ ಮಹಲು ಅದಕ್ಕಿಂತ ಹೆಚ್ಚಿನದನ್ನು ಹೇಳಲಾರದು. ನಮ್ಮ ಕಾಲದ ಊಹೆಯನ್ನು ಹಳೆಯದೆಂದು ನಂಬಿಸುತ್ತದೆ, ಅಷ್ಟೆ. ಚಾರಿತ್ರಿಕ ತೋಟಗಳಿಗಾಗಿ 1981ರಲ್ಲಿ ಫ್ಲಾರೆನ್ಸಿನಲ್ಲಿ ರೂಪಿಸಿದ ಅಂತರರಾಷ್ಟ್ರೀಯ ಸನ್ನದು ಕೂಡ ಪೂರ್ತಿ ಅಳಿದದ್ದನ್ನು ಊಹೆಯ ಮೇಲೆ ಮರುಸೃಷ್ಟಿಸಿ ಅದನ್ನು ಚಾರಿತ್ರಿಕ ತೋಟವೆನ್ನಲಾಗದು ಎಂದಿದೆ. ಇನ್ನೊಂದು ದಾರಿಗೆ ಸ್ಟಾಫರ್ಡ್‌ಷೈರಿನ ಟ್ರೆಂಥಮ್ ಉದಾಹರಣೆ. ಸದರ್ಲೆಂಡ್ ಡ್ಯೂಕರ ಆ ಮಹಲನ್ನು 1911-12ರಲ್ಲಿ ಕೆಡವಿದರು. ಕಾರಣಗಳಲ್ಲಿ ದೊಡ್ಡದು, ಮಗ್ಗುಲಲ್ಲೇ ಹರಿಯುತ್ತಿದ್ದ ಟ್ರೆಂಟ್ ನದಿಗೆ ಮೇಲಿನ ಕುಂಬಾರಿಕೆ ಪಟ್ಟಣಗಳ ಕೊಚ್ಚೆ ಸೇರಿ ಗಬ್ಬೆದ್ದದ್ದು. ತೋಟ ಉಳಿಯಿತು. ಈ ಶತಮಾನದ ಆರಂಭದಲ್ಲಿ ತೋಟ ವಿನ್ಯಾಸಕಾರರಾದ ಟಾಮ್ ಸ್ಟುವರ್ಟ್-ಸ್ಮಿತ್ ಮತ್ತು ಪೀಟ್ ಔಡಾಲ್ಫ್ ಅಲ್ಲಿ ಕೆಲಸಕ್ಕಿಳಿದಾಗ ಮಹಲನ್ನು ಎಬ್ಬಿಸಲು ಹೋಗಲಿಲ್ಲ. ಚಾರ್ಲ್ಸ್ ಬ್ಯಾರಿ ಹತ್ತೊಂಬತ್ತನೇ ಶತಮಾನದಲ್ಲಿ ಹಾಕಿದ್ದ ಮೆಟ್ಟಿಲುಮೆಟ್ಟಿಲಾದ ಇಟಾಲಿಯನ್ ತೋಟದ ಗೆರೆಗಳನ್ನು ಹಾಗೇ ಉಳಿಸಿ, ಅವುಗಳೊಳಗೆ ಇಂದಿನ ಅಭಿರುಚಿಯ ಬಹುವಾರ್ಷಿಕ ಗಿಡಗಳನ್ನು ಕೂರಿಸಿದರು. ಈಗ ಟ್ರೆಂಥಮ್‌ಗೆ ಹೋಗುವ ಜನಕ್ಕೆ ಮನೆಯಿಲ್ಲದ್ದು ಕೊರತೆಯಾಗಿ ಕಾಣುವುದಿಲ್ಲ.

ವಾನ್‌ಸ್ಟೆಡ್‌ನಲ್ಲಿ ಹಾಗೆ ಎತ್ತಿಹಿಡಿಯಬೇಕಾದ ಗೆರೆ ಯಾವುದು? ನನ್ನ ಉತ್ತರ: ನೀರು. ಕೆರೆಗಳ ನಾಡಿನ ಓದುಗರಿಗೆ ಇದನ್ನು ವಿವರಿಸುವುದು ಸುಲಭ. ಅಲ್ಲಿನ ಕೊಳಗಳು ಬಿಡಿಬಿಡಿಯಲ್ಲ. ಮೇಲೆ ಬಕಗಳು ಗೂಡು ಕಟ್ಟುತ್ತಿದ್ದ ಹೆರನ್ರಿ ಕೊಳ, ಅದರ ಕೆಳಗೆ ಪರ್ಚ್ ಕೊಳ, ಅದಕ್ಕೂ ಕೆಳಗೆ ನದಿಯ ಪಕ್ಕ ಆರ್ನಮೆಂಟಲ್ ವಾಟರ್ ಎಂಬ ಉದ್ದನೆಯ ದ್ವೀಪಭರಿತ ಕೊಳ. ಒಂದರ ಕೋಡಿ ಇನ್ನೊಂದರ ಒಳಹರಿವು. ಏರಿ, ತೂಬು, ಹೂಳು, ಎಲ್ಲ ಸಮಸ್ಯೆಗಳೂ ನಮ್ಮವೇ. ವ್ಯತ್ಯಾಸವೊಂದೇ: ನಮ್ಮ ಕೆರೆ ಗದ್ದೆಗೆ, ಆ ಕೊಳ ಕಣ್ಣಿಗೆ. ಎವೆಲಿನ್ ಬರಡು ಎಂದದ್ದು ಇಲ್ಲಿ ನೆನಪಿಗೆ ಬರಬೇಕು. ಆ ನೆಲದ ಬಹುಪಾಲು ಹಳೆಯ ನದಿಪಾತ್ರದ ಜಲ್ಲಿ. ಜಲ್ಲಿಯ ಮೇಲೆ ನೀರು ನಿಲ್ಲಿಸುವುದೆಂದರೆ ಜರಡಿಯಲ್ಲಿ ಮಜ್ಜಿಗೆ ತುಂಬಿದಂತೆ. ತಳಕ್ಕೆ ಜೇಡಿ ಮಣ್ಣು ತುಳಿಸಿ ಗಟ್ಟಿ ಮಾಡಬೇಕು, ಮೇಲಿನಿಂದ ನೀರು ಬರುತ್ತಲೇ ಇರಬೇಕು, ಆಳುಗಳು ಸದಾ ಕಾವಲಿರಬೇಕು. ಆಳುಕಾಳು ತುಂಬಿದ್ದ ಜಹಗೀರಿಗೆ ಇದು ಸಾಧ್ಯವಿತ್ತು. ಇಂದು ಸುತ್ತಲೂ ರಸ್ತೆ, ಮನೆ, ಚರಂಡಿ ಬಂದು ಹಳೆಯ ಒಳಹರಿವು ಕಡಿದಿದೆ. ಹೆರನ್ರಿ ಕೊಳ ಸೋರುತ್ತದೆ. ಕೊಳವೆಬಾವಿಯಿಂದ ನೀರೆತ್ತಿ ತುಂಬಬೇಕಾಗಿದೆ. ಮಳೆ ಕಡಿಮೆಯಾದ ಬೇಸಿಗೆಯಲ್ಲಿ ಕೆಳಗಿನ ಕೊಳಗಳಲ್ಲಿ ಕೆಸರು ಬಿರಿಯುತ್ತದೆ. ಕೊಳ ಬತ್ತಿದಾಗ ಹೋಗುವುದು ಚೆಲುವಷ್ಟೇ ಅಲ್ಲ. ದ್ವೀಪ ದಡಕ್ಕೆ ಅಂಟಿಕೊಂಡು ದ್ವೀಪವಾಗಿ ಉಳಿಯುವುದಿಲ್ಲ, ಕೊಳದ ಅಂಚಿಗೆ ಆಲೋಚಿಸಿ ಎಳೆದಿದ್ದ ಬಾಗು ಕೆಸರಲ್ಲಿ ಕಳೆಗಿಡಕ್ಕೆ ಸೇರಿಹೋಗುತ್ತದೆ, ನೀರಿನಲ್ಲಿ ಬಿಂಬ ಕಾಣಲೆಂದೇ ಕಟ್ಟಿದ ಗುಹೆಯ ಮುಖ ಒಣ ಗುಂಡಿಯ ಮುಂದೆ ನಿಲ್ಲುತ್ತದೆ. ಮರ ಬಿದ್ದರೆ ಮತ್ತೆ ನೆಡಬಹುದು. ನೀರಿನ ಮಟ್ಟ ತಪ್ಪಿದರೆ ಇಡೀ ವಿನ್ಯಾಸ ಒಮ್ಮೆಲೇ ಓದಲಾಗದಂತಾಗುತ್ತದೆ. ಆದ್ದರಿಂದಲೇ ಮಾಹಿತಿ ಫಲಕ, ಮಹಲಿನ ಕಂಪ್ಯೂಟರ್ ಚಿತ್ರ, ನಡೆದಾರಿಯ ಹೊಸ ಕಲ್ಲುಹಾಸು ಇವೆಲ್ಲಕ್ಕಿಂತ ಮೊದಲು ಕೊಳದ ತಳಕ್ಕೆ, ಒಳಹರಿವಿಗೆ, ಏರಿಗೆ ದುಡ್ಡು ಬೇಕು. ಹೇಳಿಕೊಳ್ಳಲು ಇದು ಸೊಗಸಾದ ಕೆಲಸವಲ್ಲ. ಹೂಳೆತ್ತಿದ ಕೊಳದ ಮುಂದೆ ನಿಂತು ರಿಬ್ಬನ್ ಕತ್ತರಿಸಿದರೆ ಫೋಟೊ ಚೆನ್ನಾಗಿ ಬರುವುದಿಲ್ಲ.

ಪ್ರಕೃತಿಪ್ರಿಯರ ಆಕ್ಷೇಪ ಬೇರೆ ದಿಕ್ಕಿನದು. ಎರಡು ಶತಮಾನ ಕಳೆದಿದೆ, ಮರಗಳು ತಮ್ಮಷ್ಟಕ್ಕೆ ಬೆಳೆದಿವೆ, ಬತ್ತಿದ ಕೊಳವೂ ಒಂದು ಜೌಗು, ಅಲ್ಲೂ ಜೀವಗಳಿವೆ. ಅರ್ಲ್‌ನ ಶೋಕಿಗಾಗಿ ಯಾಕೆ ಗುದ್ದಾಡಬೇಕು, ಕಾಡಾಗಲು ಬಿಡಿ ಎನ್ನುತ್ತಾರೆ. ಎಪ್ಪಿಂಗ್ ಕಾಡಿನ ಭಾಗವಾಗಿರುವ ಜಾಗದಲ್ಲಿ ಈ ಮಾತಿಗೆ ತೂಕವಿದೆ. ಏಪ್ರಿಲ್ ಕೊನೆ, ಮೇ ಆರಂಭದಲ್ಲಿ ಷ್ಯಾಲೆ ವುಡ್ ಎಂಬ ತೋಪಿನ ನೆಲವೆಲ್ಲ ನೀಲಿ ಬ್ಲೂಬೆಲ್ ಹೂ ಹಾಸಿಕೊಂಡಾಗ ಬರುವ ಜನಕ್ಕೆ 1735ರ ನಕ್ಷೆ ಬೇಕಿಲ್ಲ. ಆದರೆ ಈ ವಾದ ಒಂದು ತಪ್ಪು ಎಣಿಕೆಯ ಮೇಲೆ ನಿಂತಿದೆ. ವಾನ್‌ಸ್ಟೆಡ್‌ನಲ್ಲಿ ಇರುವ ಜೀವಸಂಪತ್ತು ತೋಟವನ್ನು ಬಿಟ್ಟುಕೊಟ್ಟದ್ದರಿಂದ ಬಂದದ್ದಲ್ಲ, ತೋಟ ಮಾಡಿದ್ದರಿಂದ ಬಂದದ್ದು. ನೀರುಹಕ್ಕಿಗಳಿರುವುದು ಮನುಷ್ಯ ಕಟ್ಟಿದ ಏರಿಗಳಿಂದ. ಪೊಟರೆಬಿದ್ದ ಮುದಿಮರಗಳಲ್ಲಿ ಬಾವಲಿ, ಜೀರುಂಡೆಗಳಿರುವುದು ಯಾರೋ ಮುನ್ನೂರು ವರ್ಷದ ಹಿಂದೆ ನೆಟ್ಟು, ಆಮೇಲೆ ಕಡಿಯದೆ ಬಿಟ್ಟದ್ದರಿಂದ. ಕೈಬಿಟ್ಟರೆ ಅಲ್ಲಿ ಏಳುವುದು ಎಪ್ಪಿಂಗ್‌ನ ಪುರಾತನ ಕಾಡಲ್ಲ; ಜಲ್ಲಿಯ ಮೇಲಿನ ಪೊದೆ, ನಗರದ ಅಂಚಿನ ಕಳೆ. ತೋಟದ ಚರಿತ್ರೆ ಮತ್ತು ಜೀವವೈವಿಧ್ಯ ಎರಡೂ ಒಂದೇ ನೀರನ್ನು ಕುಡಿಯುತ್ತವೆ. ಮರಸಾಲಿನ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಪ್ಪುವ ದಾರಿ ಸುಲಭವಿಲ್ಲ ಎಂದು ಒಪ್ಪಬೇಕು. ಮುದಿಮರವನ್ನು ಉಳಿಸಿದರೆ ಸಾಲು ಸೊಟ್ಟ, ಸಾಲನ್ನು ಹೊಸದಾಗಿ ನೆಟ್ಟರೆ ಮುದಿಮರ ಹೋಗುತ್ತದೆ. ನಾನಾದರೆ ಮುದಿಮರದ ಪರ. ಸಾಲಿನಲ್ಲಿ ಹಲ್ಲುದುರಿದಂತೆ ಕಂಡರೂ ಚಿಂತೆಯಿಲ್ಲ, ಸಂದುಗಳಲ್ಲಿ ಅದೇ ಜಾತಿಯ ಸಸಿ ನೆಡುತ್ತ ಹೋದರೆ ಸಾಕು.

ಮೂರನೆಯ ಆಕ್ಷೇಪ ನೈತಿಕತೆಯದು, ಇಂಗ್ಲೆಂಡಿನಲ್ಲಿ ಈಗ ಬಿಸಿ ಚರ್ಚೆಯಾಗುತ್ತಿರುವಂಥದು. ಕಂಪನಿಯ ಲೂಟಿ, ಗುಲಾಮ ವ್ಯಾಪಾರದ ಪಾಲು ಸೇರಿ ಬೆಳೆದ ತೋಟಕ್ಕೆ ಸಾರ್ವಜನಿಕರ ಹಣ ಯಾಕೆ? ಭಾರತೀಯ ಓದುಗರಿಗೆ ಈ ಪ್ರಶ್ನೆ ಹೆಚ್ಚು ಸಹಜ. ಚೈಲ್ಡ್‌ನಿಗೆ ಗೌರವ ಸಲ್ಲಿಸುವುದು ಇಲ್ಲಿನ ಉದ್ದೇಶವಾಗಿದ್ದರೆ ನಾನೂ ಬೇಡ ಎನ್ನುತ್ತಿದ್ದೆ. ಅವನ ಗೌರವಕ್ಕೆ ಊರಿನ ಸೇಂಟ್ ಮೇರಿ ಚರ್ಚಿನೊಳಗೆ ದೊಡ್ಡ ಅಮೃತಶಿಲೆಯ ಸ್ಮಾರಕ ಆಗಲೇ ಇದೆ. ಆದರೆ ಸಾಕ್ಷ್ಯ ನಾಶವಾದರೆ ಲಾಭ ಯಾರಿಗೆ ಎಂದು ಕೇಳಿಕೊಳ್ಳಬೇಕು. ಭಾರತದಿಂದ ಹೋದ ಸಂಪತ್ತು ಇಂಗ್ಲೆಂಡಿನಲ್ಲಿ ಏನಾಯಿತು ಎಂಬುದನ್ನು ಲೆಕ್ಕದ ಪುಸ್ತಕದಲ್ಲಿ ತೋರಿಸುವುದಕ್ಕೂ, ಒಂದು ಸಂಜೆ ಅದರ ದಂಡೆಯ ಸುತ್ತ ನಡೆಸಿ ತೋರಿಸುವುದಕ್ಕೂ ಅಂತರವಿದೆ. ಮಹಲು ನಿಂತಿದ್ದರೆ ಅದರೊಳಗಿನ ಚಿನ್ನದ ಲೇಪ, ರೇಷ್ಮೆ, ಚಿತ್ರಗಳು ನೋಡುಗನನ್ನು ಮರುಳು ಮಾಡುತ್ತಿದ್ದವು. ಬರೀ ಮಣ್ಣು, ನೀರು, ಮರ ಉಳಿದಿರುವಲ್ಲಿ ಅಂಥ ಮರುಳಿಲ್ಲ. ಎಷ್ಟು ಜನ ಎಷ್ಟು ಕಾಲ ಅಗೆದಿರಬೇಕು, ಅದಕ್ಕೆ ದುಡ್ಡು ಕೊಟ್ಟವರಾರು ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಆ ಪ್ರಶ್ನೆಗೆ ಉತ್ತರವನ್ನು ಅಲ್ಲಿನ ಫಲಕಗಳು ಮುಚ್ಚುಮರೆಯಿಲ್ಲದೆ ಕೊಡಬೇಕು. ಸೂರತ್, ಮುಂಬೈ, ಕಾರವಾರಗಳ ಹೆಸರು ಅಲ್ಲಿ ಬರಬೇಕು. ಆಫ್ರಿಕಾದ ಕರಾವಳಿಯ ಹೆಸರೂ ಬರಬೇಕು. ಇನ್ನು ಹಣದ ಮಾತು: ಇವತ್ತು ಈ ತೋಟದ ಫಲಾನುಭವಿಗಳು ಯಾವ ಅರ್ಲ್‌ನ ವಂಶಸ್ಥರೂ ಅಲ್ಲ. ಸುತ್ತಲಿನ ಇಲ್‌ಫರ್ಡ್, ಈಸ್ಟ್ ಹ್ಯಾಮ್, ಫಾರೆಸ್ಟ್ ಗೇಟ್‌ಗಳಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂಲದ ಕುಟುಂಬಗಳು ದಟ್ಟವಾಗಿವೆ. ತೋಟ ಹಾಳಾದರೆ ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಬರುವ ಆ ಮನೆಗಳ ಅಜ್ಜಿಯರಿಗೆ ನಷ್ಟ.

ಇಷ್ಟಾದರೂ ಕೆಲಸ ನಿಧಾನ ಏಕೆ? ದುಡ್ಡಿನ ಕೊರತೆ ಇದ್ದೇ ಇದೆ, ಆದರೆ ಗಂಟು ಒಡೆತನದಲ್ಲೂ ಇದೆ. ರೋಕ್‌ನ ನಕ್ಷೆಯಲ್ಲಿ ಒಂದೇ ಆಗಿದ್ದ ತೋಟ ಈಗ ಕಾರ್ಪೊರೇಷನ್, ಗಾಲ್ಫ್ ಕ್ಲಬ್ಬಿನ ಮೈದಾನ, ಸ್ಥಳೀಯ ಕೌನ್ಸಿಲ್, ಚರ್ಚ್ ಎಂದು ಹಂಚಿಹೋಗಿದೆ. ವರ್ಕ್‌ಸಾಪ್ ಹತ್ತಿರದ ಕ್ಲಂಬರ್ ಪಾರ್ಕ್ ಇದಕ್ಕೆ ವ್ಯತಿರಿಕ್ತ. ನ್ಯೂಕ್ಯಾಸಲ್ ಡ್ಯೂಕರ ಆ ಮಹಲನ್ನು 1938ರಲ್ಲಿ ಕೆಡವಿದರು. 1946ರಲ್ಲಿ ಸುಮಾರು 3,800 ಎಕರೆಯ ಎಸ್ಟೇಟ್ ಇಡಿಯಾಗಿ, ಪರಂಪರೆಯ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟಿಗೆ ಬಂತು. ಎರಡು ಮೈಲಿ ಉದ್ದದ ಲೈಮ್ ಮರಗಳ ಜೋಡಿಸಾಲು, 87 ಎಕರೆಯ ಕೆರೆ, ಗೋಡೆ ಸುತ್ತಿದ ತರಕಾರಿ ತೋಟ, ಎಲ್ಲಕ್ಕೂ ಒಬ್ಬನೇ ಯಜಮಾನ. ಬಿದ್ದ ಮಹಲಿನ ನೆಲಗುರುತನ್ನೂ ಹುಲ್ಲಿನ ಮೇಲೆ ಕಾಣಬಹುದು. ವಾನ್‌ಸ್ಟೆಡ್‌ನಲ್ಲಿ ಮೇಲಿನ ಕೊಳದ ಸೋರಿಕೆ ಒಬ್ಬರ ಚಿಂತೆ, ಮರಸಾಲಿನ ತುದಿ ಇನ್ನೊಬ್ಬರ ಚಿಂತೆ, ಮಹಲಿನ ತಗ್ಗು ಮೂರನೆಯವರ ಆಟದ ಅಂಗಳ. ಕಾನೂನೂ ಇಲ್ಲಿ ಮೆತ್ತಗಿದೆ. ಇಂಗ್ಲೆಂಡಿನಲ್ಲಿ ಸಂರಕ್ಷಿತ ಕಟ್ಟಡದ ಒಂದು ಕಿಟಕಿ ಬದಲಿಸಲೂ ಪ್ರತ್ಯೇಕ ಅನುಮತಿ ಬೇಕು. ಚಾರಿತ್ರಿಕ ಉದ್ಯಾನಗಳಿಗೆ ರಾಷ್ಟ್ರೀಯ ನೋಂದಣಿ ಪಟ್ಟಿಯಿದೆ, ವಾನ್‌ಸ್ಟೆಡ್ ಅದರಲ್ಲಿ ಎರಡನೇ ದರ್ಜೆಯ ತಾರಾ ಶ್ರೇಣಿಯಲ್ಲಿದೆ. ಆದರೆ ನೋಂದಣಿಯಿಂದ ಅಂಥ ಪ್ರತ್ಯೇಕ ಅನುಮತಿಯ ಕಟ್ಟು ಬರುವುದಿಲ್ಲ, ಅಕ್ಕಪಕ್ಕದ ನಿರ್ಮಾಣಕ್ಕೆ ಪರವಾನಗಿ ಕೊಡುವಾಗ ಗಮನಿಸಬೇಕಾದ ಅಂಶವಾಗುತ್ತದೆ ಅಷ್ಟೆ. ಕೊಳ ಬತ್ತಲು ಬಿಡುವುದಕ್ಕೆ ಯಾರ ಪರವಾನಗಿಯೂ ಬೇಡ. ಅಪಾಯದಲ್ಲಿರುವ ಪರಂಪರೆಯ ತಾಣಗಳ ಅಧಿಕೃತ ಪಟ್ಟಿಯಲ್ಲಿ ಈ ತೋಟದ ಹೆಸರು ಹತ್ತಕ್ಕೂ ಹೆಚ್ಚು ವರ್ಷ ನಿಂತದ್ದು ಇದರಿಂದಲೇ. ಒಡೆಯರೆಲ್ಲ ಒಂದೇ ಯೋಜನೆಗೆ ಸಹಿ ಹಾಕಿ, ಅದರ ಮೊದಲ ಸಾಲಿನಲ್ಲಿ ನೀರಿನ ಕೆಲಸ ಬರೆಯುವವರೆಗೆ ಬೇರೆ ಯಾವ ಅಲಂಕಾರಕ್ಕೂ ಹಣ ಬಿಡುಗಡೆ ಮಾಡಬಾರದು ಎಂಬುದು ನನ್ನ ಅಭಿಪ್ರಾಯ.

ಲಂಡನ್ನಿನಲ್ಲಿರುವ, ಅಲ್ಲಿಗೆ ಹೋಗಿಬರುವ ಕನ್ನಡಿಗರು ಈಗ ಸಾವಿರಾರು. ಅವರ ಪಟ್ಟಿಯಲ್ಲಿ ಬಕಿಂಗ್‌ಹ್ಯಾಮ್ ಅರಮನೆ, ಕ್ಯೂ ತೋಟಗಳು ಇದ್ದೇ ಇರುತ್ತವೆ. ಒಂದು ಅರ್ಧ ದಿನ ಬಿಡುವಾದರೆ ಸೆಂಟ್ರಲ್ ಲೈನಿನ ರೈಲು ಹಿಡಿದು ವಾನ್‌ಸ್ಟೆಡ್ ನಿಲ್ದಾಣದಲ್ಲಿ ಇಳಿಯಿರಿ. ತೋಟ ಅಲ್ಲಿಂದ ನಡೆದುಹೋಗುವಷ್ಟು ಹತ್ತಿರ. ಮೊದಲು ಮೇಲಿನ ಹೆರನ್ರಿ ಕೊಳ ನೋಡಿ, ನೀರು ಇಳಿಯುವ ದಿಕ್ಕಿನಲ್ಲೇ ಕೆಳಗೆ ನಡೆದು ಗುಹೆಯವರೆಗೆ ಹೋಗಿ. ಪ್ರವೇಶಕ್ಕೆ ದುಡ್ಡಿಲ್ಲ.